ಆಯ್ದ ಪತ್ರಗಳ ನ್ಯಾಯ

ಟಿಪ್ಪು ಸುಲ್ತಾನನ ವಿಷಯವಾಗಿ ವಾದವೆದ್ದಾಗಲೆಲ್ಲ ಉಭಯಪಕ್ಷದವರೂ ಒಂದೊಂದು ಪತ್ರವನ್ನು ಹಿಡಿದು ಸಭೆಗೆ ಬರುವುದು ವಾಡಿಕೆಯಾಗಿ ಹೋಗಿದೆ. ಒಬ್ಬರು ಶೃಂಗೇರಿಯ ಜಗದ್ಗುರುಗಳಿಗೆ ಅವನು ಬರೆಯಿಸಿದ ವಿನಯಪೂರ್ಣವಾದ ಪತ್ರವನ್ನು ತೋರಿಸುವರು. ಮತ್ತೊಬ್ಬರು ಕೊಡಗಿನವರನ್ನು ದಂಡಿಸುವ ವಿಷಯದಲ್ಲಿ ಅವನು ತನ್ನ ಸರದಾರರಿಗೆ ಕಳುಹಿಸಿದ ಕಠೋರವಾದ ಆಜ್ಞೆಯನ್ನು ಓದುವರು. ಬಳಿಕ ಇಬ್ಬರೂ ತಾವೇ ಗೆದ್ದೆವೆಂದು ತೃಪ್ತರಾಗಿ ತೆರಳುವರು. ಪತ್ರಗಳೇನೋ ಎರಡೂ ಉಂಟು. ದೋಷವಿರುವುದು ಅವುಗಳನ್ನು ಬಳಸುವ ಕ್ರಮದಲ್ಲಿ.

ಈ ಪತ್ರಗಳು ಎಲ್ಲಿಂದ ಬಂದುವೆಂಬುದನ್ನು ಮೊದಲು ವಿಚಾರಿಸತಕ್ಕದ್ದು. 1791ರಲ್ಲಿ, ಮೂರನೆಯ ಮೈಸೂರು ಯುದ್ಧದ ನಡುವೆ, ಮರಾಠರ ಸೈನ್ಯದ ಒಂದು ತಂಡವು ಶೃಂಗೇರಿಯನ್ನು ಕೊಳ್ಳೆಹೊಡೆಯಿತು. ಆ ಪ್ರಸಂಗದಲ್ಲಿಯೂ ಅನಂತರದಲ್ಲಿಯೂ ಸುಲ್ತಾನನು ಸಚ್ಚಿದಾನಂದ ಭಾರತೀ ಸ್ವಾಮಿಗಳಿಗೆ ಕನ್ನಡದಲ್ಲಿ ಬರೆಯಿಸಿದ ಸುಮಾರು ಮೂವತ್ತು ಪತ್ರಗಳು ಮಠದಲ್ಲಿ ಉಳಿದುಬಂದುವು. ದೇವಿಯ ಪುನಃಪ್ರತಿಷ್ಠೆಗಾಗಿ 200 ರಹತಿ ನಗದನ್ನೂ ಇತರ ಪದಾರ್ಥಗಳನ್ನೂ ಒದಗಿಸುವಂತೆ ಬಿದನೂರಿನ ಅಸಫನಿಗೆ ಅಪ್ಪಣೆಯಾದ ಸಂಗತಿಯು ತಿಳಿದುದು ಇವುಗಳಿಂದಲೇ. ಮೈಸೂರಿನ ಪ್ರಾಕ್ತನ ವಿಮರ್ಶೆಯ ಇಲಾಖೆಯ ಆರ್. ನರಸಿಂಹಾಚಾರ್ಯರು 1916ರಲ್ಲಿ ಇವನ್ನು ಬೆಳಕಿಗೆ ತಂದರು.

ಕೊಡಗಿನ ಆಜ್ಞೆಗಳ ಚರಿತ್ರೆಯೇ ಬೇರೆ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಅಲ್ಲಿಯ ಕಾಗದಗಳು ಕಂಪೆನಿಯವರ ವಶವಾದುವು. ಸುಲ್ತಾನನು ಕಳುಹಿಸಿದ ಪತ್ರಗಳ ಪಾರಸಿ ದಾಖಲೆಯಿಂದ ಕೆಲವನ್ನು ಆರಿಸಿ, ಇಂಗ್ಲಿಷಿಗೆ ತಿರುಗಿಸಿ, ವಿಲಿಯಂ ಕರ್ಕ್‌ಪ್ಯಾಟ್ರಿಕನು 1811ರಲ್ಲಿ ಲಂಡನಿನಲ್ಲಿ ಅಚ್ಚುಹಾಕಿಸಿದನು. ಅವನು ಕಂಪೆನಿಯ ಸೇನಾಧಿಕಾರಿ. ಪುಸ್ತಕದ ಹೆಸರೇ 'ಆಯ್ದ ಪತ್ರಗಳು.'

ಹಾಗೆಂದು ಕರ್ಕ್‌ಪ್ಯಾಟ್ರಿಕನ ಪುಸ್ತಕವನ್ನು ಮೂಲೆಗೆ ಎಸೆಯಬಹುದೆ? ಸರ್ವಥಾ ಕೂಡದು. ಶತ್ರುವು ಆರಿಸಿದನೆಂದ ಮಾತ್ರಕ್ಕೆ ಪತ್ರವು ಸುಳ್ಳಾಗದು. ಸುಳ್ಳೆಂದು ಹೇಳುವವರು ಮೂಲವನ್ನು ಹೋಲಿಸಿ ತೋರಿಸಬೇಕು. ಅಂತೆಯೇ ಶೃಂಗೇರಿಯ ಪತ್ರಗಳು ಯುದ್ಧಕಾಲದ ರಾಜನೀತಿಯೆಂದು ತಳ್ಳಿಬಿಡುವವರು, ಯುದ್ಧವಿಲ್ಲದ ಕಾಲದಲ್ಲಿ ಮಠಕ್ಕೂ ಅರಮನೆಗೂ ನಡೆದ ವ್ಯವಹಾರವನ್ನು ಓದಿ ಆ ಮಾತನ್ನು ಆಡಬೇಕು. ಅವು ಕೇವಲ ಭಕ್ತಿಯ ಫಲವೆನ್ನುವವರಿಗೂ ಇದೇ ಕಟ್ಟಳೆ: ಜಯಕ್ಕಾಗಿ ಜಪಹೋಮಗಳನ್ನು ನಡೆಯಿಸಬೇಕೆಂಬ ಪ್ರಾರ್ಥನೆಯು ಯಾವ ತಿಂಗಳಲ್ಲಿ, ಯಾವ ಸಂಕಟದಲ್ಲಿ ಹೊರಟಿತೆಂಬುದನ್ನು ಅವರು ಮರೆಮಾಡಬಾರದು.

ನಿಜವಾದ ಪರೀಕ್ಷೆಯ ಮಾರ್ಗಕ್ಕೆ ನಿದರ್ಶನವು ಈ ಪ್ರಸಂಗದಲ್ಲಿಯೇ ದೊರೆಯುತ್ತದೆ. ಶೃಂಗೇರಿಯ ಲೂಟಿಗೆ ಟಿಪ್ಪುವಿನ ಪತ್ರವೊಂದೇ ಆಧಾರವಾಗಿದ್ದಲ್ಲಿ, ವೈರಿಯ ಮೇಲಣ ದೂರೆಂದು ಅದನ್ನು ಶಂಕಿಸಬಹುದಾಗಿತ್ತು. ಆದರೆ ಮಿರಜಿನ ವಾಸುದೇವಶಾಸ್ತ್ರಿ ಖರೆಯವರು ಪಟವರ್ಧನ ಮನೆತನದ ಪತ್ರಗಳನ್ನು ಮರಾಠಿಯಲ್ಲಿ ಸಂಪುಟ ಸಂಪುಟವಾಗಿ ಪ್ರಕಟಿಸಿದಾಗ, ಆ ಪಕ್ಷದವರ ಕಾಗದಗಳಲ್ಲಿಯೇ ಆ ಲೂಟಿಯ ಮಾತು ಕಂಡುಬಂದಿತು. ತನ್ನ ಕಡೆಯವರಿಗೆ ಕಳಂಕ ತರುವ ಕಾಗದವನ್ನು ಮರಾಠಿ ವಿದ್ವಾಂಸನೊಬ್ಬನು ಬಚ್ಚಿಡದೆ ಅಚ್ಚುಮಾಡಿದುದರಿಂದಲೇ ಸತ್ಯವು ನಿಂತಿತು. ಈಗ ಪತ್ರ ಹಿಡಿದು ಕೂಗುವವರಲ್ಲಿ ಎಷ್ಟು ಮಂದಿಗೆ ಈ ಧೈರ್ಯವುಂಟು?

ಸಾಮಾನ್ಯ ವಾಚಕರಿಗೆ ಕಂತೆಗಳನ್ನು ಓದಲು ಪುರಸತ್ತಿಲ್ಲ, ಸಾರವನ್ನು ಹೇಳಿದರೆ ಸಾಲದೆ ಎಂಬ ಆಕ್ಷೇಪಣೆ ಬರಬಹುದು. ವಾಚಕರಿಗೆ ಪುರಸತ್ತಿಲ್ಲದಿರುವುದರಿಂದಲೇ ಬರೆಯುವವರ ಹೊಣೆ ಹೆಚ್ಚಿತು. ಮಠದ ದಾಖಲೆಗಳನ್ನು ಎ. ಕೆ. ಶಾಸ್ತ್ರಿಯವರು ಶೋಧಿಸಿ ಗ್ರಂಥರೂಪಕ್ಕೆ ತಂದಿರುವರು. ಕರ್ಕ್‌ಪ್ಯಾಟ್ರಿಕನ ಪುಸ್ತಕವೂ ಸುಲಭವಾಗಿ ದೊರೆಯುತ್ತದೆ. ಸಾಧನಗಳಿಲ್ಲವೆಂಬ ನೆವವು ಇನ್ನು ಸಲ್ಲದು.

ಆದುದರಿಂದ ಪತ್ರಿಕೆಗಳ ಸಂಪಾದಕರೂ ಪಾಠಪುಸ್ತಕಗಳನ್ನು ರಚಿಸುವವರೂ ಒಂದು ನಿಯಮವನ್ನು ವಿಧಿಸಿಕೊಳ್ಳಲಿ. ಪತ್ರದ ತಾರೀಖು, ಅದು ಯಾರಿಗೆ ಹೋಯಿತು, ಮೂಲದ ಭಾಷೆ ಯಾವುದು, ಈಗಿನ ಪಾಠವನ್ನು ಕೊಟ್ಟವರು ಯಾರು, ಅದರ ಹಿಂದಣ ಮುಂದಣ ಪತ್ರಗಳಲ್ಲಿ ಏನಿದೆ ಎಂಬುದನ್ನು ತಿಳಿಸದ ಲೇಖನವನ್ನು ಅವರು ಲೇಖಕನಿಗೆ ಹಿಂದಿರುಗಿಸಲಿ. ಸುಲ್ತಾನನನ್ನು ಹೊಗಳುವವರಿಗೂ ತೆಗಳುವವರಿಗೂ ಈ ನಿಯಮವು ಸಮಾನವಾಗಿರಲಿ.