‘ಅಜ್ಜಿ’ ಎಂಬ ಬಿರುದು

ಆರನ್ನಿನ ಕೌಂಟೆಸ್ ಫಿಯೋನಾ ಗೋರ್ ಅವರನ್ನು ಆಂಗ್ಲ ಪತ್ರಿಕೆಗಳು ‘ನೀರ ಮೇಲಣ ಅತಿವೇಗದ ಅಜ್ಜಿ’ಯೆಂದು ಕರೆದುವು. ಇದನ್ನು ಪ್ರಶಂಸೆಯೆಂದು ತಿಳಿಯುವವರು ಭ್ರಾಂತರು. ಸ್ಕಾಟ್ಲೆಂಡಿನ ಲೋಮಂಡ್ ಸರೋವರದ ದಡದ ಹಳೆಯ ಮನೆತನವೊಂದರಲ್ಲಿ 1918ರಲ್ಲಿ ಜನಿಸಿದ ಇವರು, 1980ರಲ್ಲಿ ತಮ್ಮ 62ನೆಯ ವಯಸ್ಸಿನಲ್ಲಿ, ಇಂಗ್ಲೆಂಡಿನ ವಿಂಡರ್‌ಮಿಯರ್ ಸರೋವರದ ಮೇಲೆ ಯಂತ್ರದೋಣಿಯನ್ನು ಗಂಟೆಗೆ 100 ಮೈಲಿಗೂ ಮಿಕ್ಕ ವೇಗದಲ್ಲಿ ನಡೆಸಿ ಸೀಗ್ರೇವ್ ಪಾರಿತೋಷಕವನ್ನು ಪಡೆದರು. 1989ರಲ್ಲಿ, 71 ತುಂಬಿದ ಮೇಲೆ, ವಿದ್ಯುತ್ತಿನ ದೋಣಿಯಲ್ಲಿಯೂ 50 ಮೈಲಿಯ ವೇಗವನ್ನು ದಾಟಿದರು. ಅಂತಹ ವೇಗದಲ್ಲಿ ನೀರೇ ಕಲ್ಲಾಗುವುದು. ಕಿರಿದೊಂದು ತೆರೆ ದೋಣಿಯನ್ನು ಮಗುಚಬಲ್ಲುದು. ನೆರೆಯ ಕಾನಿಸ್ಟನ್ ಸರೋವರದಲ್ಲಿ 1967ರಲ್ಲಿ ಡೊನಾಲ್ಡ್ ಕ್ಯಾಂಪ್‌ಬೆಲ್ ಅವರು ದೋಣಿ ಮಗುಚಿಯೇ ಮಡಿದರು. ಅವರನ್ನು ವೀರರೆಂದ ಲೋಕವು ಇವರನ್ನು ಅಜ್ಜಿಯೆಂದಿತು!

ಇದೆಲ್ಲವೂ ಸಿರಿವಂತರ ಚಪಲವೆಂಬ ಆಕ್ಷೇಪವುಂಟು. ಹಣವು ದೋಣಿಯನ್ನು ಕೊಂಡೀತು, ಸರಿ. ಚುಕ್ಕಾಣಿ ಹಿಡಿದ ಕೈಯ ಸ್ಥೈರ್ಯವನ್ನು ಯಾವ ಅಂಗಡಿಯಲ್ಲಿ ಕೊಳ್ಳುವುದು?

ದೂರದ ಮಾತೇಕೆ? 13ನೆಯ ಶತಮಾನದಲ್ಲಿ ಕಳಸದಿಂದ ನಾಡನ್ನಾಳಿದ ಕಾಳಲಮಹಾದೇವಿಯ ಶಾಸನಗಳನ್ನು ಇಂದಿಗೂ ಓದಬಹುದು. ಅದೇ ಸೀಮೆಯ ಕಾಫಿತೋಟದಲ್ಲಿ ಹೆಂಗಸೊಬ್ಬಳು ಲೆಕ್ಕಪತ್ರ, ಕೂಲಿಯ ಬಟವಾಡೆಗಳನ್ನು ದಕ್ಷತೆಯಿಂದ ನಡೆಸಿದರೆ ‘ಪಾಪ, ಗಂಡುದಿಕ್ಕಿಲ್ಲದ ಮನೆ’ ಎಂದು ಕನಿಕರಿಸುವ ಸುಶಿಕ್ಷಿತರಿಗೆ ಆಂಗ್ಲ ಪತ್ರಿಕೆಗಳನ್ನು ಕಂಡು ನಗುವ ಅಧಿಕಾರವೆಲ್ಲಿಂದ ಬಂದಿತು?