ನರ್ಸಮ್ಮನಿಗೆ ಕೈಮುಗಿದರೆ ಸಾಕೇ?

ಕನ್ನಡದ ಯುವಕರೇ, ಯುವತಿಯರೇ!

ಸಿರುಗುಪ್ಪದ ಭತ್ತದ ಗದ್ದೆಯಿಂದ ಬಂದ ಮುದುಕ "ಎದಿ ಹಿಡ್ಕಂಡಂಗಾಗೈತವ್ವಾ" ಅಂದರೆ ಮೊದಲು ಕೇಳಿಸಿಕೊಳ್ಳುವವಳು ಯಾರು? ಡಾಕ್ಟರಲ್ಲ, ನರ್ಸ್! ಆಂಧ್ರದ ಗಡಿಗೆ ಅಂಟಿಕೊಂಡ ಈ ತಾಲ್ಲೂಕಿನಲ್ಲಿ ರೋಗಿಯ ಮಾತು ಬಲ್ಲ ನರ್ಸೇ ಅರ್ಧ ಔಷಧಿ. ಆಕೆಯ ದುಡಿಮೆಗೆ ಬೆಲೆ ಎಷ್ಟು?

2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಖಾಸಗಿ ಆಸ್ಪತ್ರೆಗಳ ನರ್ಸುಗಳ ಸಂಬಳಕ್ಕೆ ಸಮಿತಿ ಮಾಡಿ ಎಂದು ಕೇಂದ್ರಕ್ಕೆ ಹೇಳಿತು. ಸಮಿತಿಯ ಶಿಫಾರಸು ಸ್ಪಷ್ಟ: 50 ಹಾಸಿಗೆಗಿಂತ ಚಿಕ್ಕ ಆಸ್ಪತ್ರೆಯೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಕೂಡದು. 200 ಹಾಸಿಗೆ ದಾಟಿದರೆ ಸರ್ಕಾರಿ ನರ್ಸಿನಷ್ಟೇ ಸಂಬಳ!

ಕೇರಳದ ನರ್ಸುಗಳು ಕೈಕಟ್ಟಿ ಕೂರಲಿಲ್ಲ. ಸಂಘ ಕಟ್ಟಿದರು, ಮುಷ್ಕರ ಹೂಡಿದರು. 2018ರ ಏಪ್ರಿಲ್‌ನಲ್ಲಿ 20,000 ರೂಪಾಯಿ ಮೂಲವೇತನದ ಸರ್ಕಾರಿ ಆದೇಶ ಪಡೆದೇ ಬಿಟ್ಟರು. ಮಲಯಾಳಿ ನರ್ಸುಗಳನ್ನು ಕಂಡು ಸಿಡುಕುವ ಗೆಳೆಯರೇ, ಸಿಡುಕು ಬಿಡಿ, ಅವರ ಛಲ ಕಲಿಯಿರಿ!

ನಮಗೆ 371ಜೆ ಇದೆಯಲ್ಲ ಅನ್ನುತ್ತೀರಾ? 2013ರಲ್ಲಿ ಬಳ್ಳಾರಿಗೂ ಬಂದ ಆ ಕಲಂ ಸರ್ಕಾರಿ ಹುದ್ದೆಯಲ್ಲಿ, ಕಾಲೇಜು ಸೀಟಿನಲ್ಲಿ ಪಾಲು ಕೊಡುತ್ತದೆ. ಖಾಸಗಿ ನರ್ಸಿಂಗ್ ಹೋಮಿನ ಸಂಬಳ ಏರಿಸುವುದಿಲ್ಲ. ಅದಕ್ಕೆ ಹೋರಾಟವೇ ಬೇಕು.

ಬೋರ್ಡು ಕನ್ನಡದಲ್ಲಿರಲಿ ಎಂದು ಗುಡುಗುವ ನಾವು, ಕನ್ನಡದಲ್ಲಿ ದುಡಿಯುವವಳಿಗೆ ಹೊಟ್ಟೆ ತುಂಬುವ ಸಂಬಳ ಕೊಡಿ ಅನ್ನದಿದ್ದರೆ ಅದೆಂಥ ಕನ್ನಡಾಭಿಮಾನ?

ನಿಮ್ಮೂರಿನ ನರ್ಸಿಂಗ್ ಹೋಮಿಗೆ ಹೋಗಿ. ಹಾಸಿಗೆ ಎಣಿಸಿ. ಸಂಬಳ ಎಷ್ಟೆಂದು ಕೇಳಿ. ನರ್ಸುಗಳು ಸಂಘ ಕಟ್ಟಿದರೆ ಬೆನ್ನಿಗೆ ನಿಲ್ಲಿ. ಆಕೆ ಗಲ್ಫಿನ ವಿಮಾನ ಹತ್ತಿದ ಮೇಲೆ ಆ ಮುದುಕನ ಮಾತು ಕೇಳುವವರು ಯಾರು?

ಏಳಿ, ಕೇಳಿ!