ಗುಡ್ಡದಿಂದ ಬಂದ ಕಬ್ಬಿಣ

ಕಬ್ಬಿಣಕ್ಕೆ ತುಕ್ಕು ಹಿಡಿಯುವುದೆಂದರೆ ಅದು ತಾನು ಬಂದ ಅದಿರಿನ ರೂಪಕ್ಕೆ ಮರಳುವುದು. ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗದ ಗುಡ್ಡಗಳನ್ನು ಅಗೆದದ್ದು ಇದೇ ಅದಿರಿಗಾಗಿ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಈ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು. ಬಳಿಕ ಷರತ್ತುಗಳೊಡನೆ ಕೆಲವು ಗಣಿಗಳು ಮತ್ತೆ ತೆರೆದವು. ಗುಡ್ಡ ಉಳಿಸಿರೆಂದು ಕೇಳುವವರ ಹಿತ್ತಲಲ್ಲೇ, ಗುಡ್ಡದಿಂದ ಬಂದ ಕಬ್ಬಿಣವು ಮಳೆಯಲ್ಲಿ ನೆನೆದು ಪುಡಿಯಾಗುತ್ತಿರುವುದು ಯಾರ ಕಣ್ಣಿಗೂ ಬೀಳುತ್ತಿಲ್ಲ.

ಹಿರಿಯೂರಿನಂಥ ಒಣಸೀಮೆಯಲ್ಲಿ ತುಕ್ಕಿನ ಭಯವೇಕೆ ಎಂಬ ಪ್ರಶ್ನೆ ಸಹಜ. ಶೇಂಗಾ, ರಾಗಿಯ ಬಿತ್ತನೆ ಮುಗಿದು ಕೂರಿಗೆ ಮೂಲೆ ಸೇರಿದ ಮೇಲೆಯೇ ಇಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನ ಹದಮಳೆ ಬರುತ್ತದೆ. ಮಳೆ ನಿಂತರೂ ಇರುಳಿನ ಇಬ್ಬನಿ ಬಿಡದು. ಮಳೆಗಿಂತಲೂ ಕೆಟ್ಟದ್ದು ರಸಗೊಬ್ಬರದ ಉಳಿಕೆ. ಪೊಟ್ಯಾಷ್ ಗೊಬ್ಬರದಲ್ಲಿರುವ ಕ್ಲೋರೈಡ್ ಲವಣವು ಗಾಳಿಯ ತೇವವನ್ನು ಹೀರಿ, ಉಕ್ಕನ್ನು ಕುಳಿಕುಳಿಯಾಗಿ ಕೊರೆಯುತ್ತದೆ. ಬೀಜ-ಗೊಬ್ಬರ ಕೂರಿಗೆಯನ್ನು ತೊಳೆದು ಒಣಗಿಸದೆ ಮೇಲೆ ಏನನ್ನು ಬಳಿದರೂ ತುಕ್ಕನ್ನು ಒಳಗಿಟ್ಟು ಬೀಗ ಹಾಕಿದಂತೆ.

ಬಳಿಯುವುದೇನೋ ನಮ್ಮ ರೈತರಿಗೆ ಗೊತ್ತಿದೆ. ಆದರೆ ಬಳಿಯುವುದು ಟ್ರ್ಯಾಕ್ಟರಿನ ಸುಟ್ಟ ಆಯಿಲ್. ಅದರಲ್ಲಿ ಆಮ್ಲಾಂಶವೂ ಮಸಿಯೂ ಲೋಹದ ಕಣಗಳೂ ಸೇರಿರುವುದರಿಂದ ಅದು ಒಳ್ಳೆಯ ಕಾವಲೂ ಅಲ್ಲ. ಮಳೆಗೆ ತೊಳೆದು ಮಣ್ಣಿಗಿಳಿದರೆ ಬಾವಿಯ ನೀರಿಗೂ ಕೇಡು. 2016ರ ನಿಯಮಗಳು ಬಳಸಿದ ಎಣ್ಣೆಯನ್ನು ಅಪಾಯಕಾರಿ ತ್ಯಾಜ್ಯವೆಂದೇ ಪರಿಗಣಿಸಿವೆ.

ಹೊಂಗೆ ಅಥವಾ ಹರಳೆಣ್ಣೆ ನಾಲ್ಕೈದು ಪಾಲು, ಜೇನುಮೇಣ ಒಂದು ಪಾಲು. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿದರೆ ತಾತ್ಕಾಲಿಕ ಲೇಪ ಸಿದ್ಧ. ಬರಿಯ ಎಣ್ಣೆಗೆ ಧೂಳು ಮೆತ್ತುತ್ತದೆ, ಬೇಗ ಜಾರಿಹೋಗುತ್ತದೆ. ಮೇಣವು ಅದನ್ನು ಹಿಡಿದಿಡುತ್ತದೆ. ಕುರಿಯುಣ್ಣೆಯ ಜಿಡ್ಡಾದ ಲ್ಯಾನೊಲಿನ್ ಇದಕ್ಕೆ ಜಗತ್ತಿನೆಲ್ಲೆಡೆ ಹೆಸರಾದದ್ದು. ಕಂಬಳಿಗೆ ಹೆಸರಾದ ಚಳ್ಳಕೆರೆ ಪಕ್ಕದಲ್ಲಿದ್ದರೂ ಡೆಕ್ಕನಿ ಕುರಿಯ ಒರಟು ಉಣ್ಣೆಯಲ್ಲಿ ಜಿಡ್ಡು ಕಡಿಮೆ. ಆ ಆಸೆ ಬೇಡ.

ಲೇಪ ತೆಳುವಾಗಿರಲಿ, ತಿಂಗಳಿಗೊಮ್ಮೆ ನೋಡಿ ಮತ್ತೆ ಸವರಲಿ. ಉಪಕರಣವನ್ನು ಕಲ್ಲಿನ ಮೇಲೆತ್ತಿ ಸೂರಿನಡಿ ಇಡಬೇಕೇ ಹೊರತು ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಬಾರದು, ಒಳಗೇ ಬೆವರುತ್ತದೆ. ಮುಂದಿನ ಮುಂಗಾರಿಗೆ ಮೊದಲು ಬೀಜ ಇಳಿಯುವ ಕೊಳವೆಗಳ ಜಿಡ್ಡನ್ನು ಮರದ ಹೊಟ್ಟಿನಿಂದ ಉಜ್ಜಿ ತೆಗೆಯಬೇಕು. ಇಲ್ಲವಾದರೆ ರಾಗಿ ಅಲ್ಲಿಯೇ ಅಂಟಿ ನಿಂತು ಸಾಲು ಖಾಲಿ ಬೀಳುತ್ತದೆ.